ಕೊನೆಯ ‘ಚಿ’

ಕಾಪು
೨ ಜುಲೈ ೧೯೮೨

ಪ್ರೀತಿಯ ಸರ್ವೋತ್ತಮನಿಗೆ ಜೋಕಿಮನ ನಮಸ್ಕಾರ.

ನಿನ್ನ ತಮ್ಮ ಹೋಗಿ ಐದು ವಾರವಾಯಿತು. ಟೆಲಿಗ್ರಾಂ ಕೊಟ್ಟದ್ದು ಬಿಟ್ಟರೆ ನಾನು ಒಂದಕ್ಷರ ಬರೆಯಲಿಲ್ಲ, ಕ್ಷಮಿಸು. ರೇಡಿಯೋ ರಿಪೇರಿ ಬಹಳ ಇತ್ತು ಎಂದು ನೆಪ ಹೇಳಬಹುದಿತ್ತು. ಹೇಳುವುದಿಲ್ಲ.

ಅಮ್ಮ ಎರಡು ತುತ್ತು ಉಣ್ಣುತ್ತಾರೆ. ಬಾಯಲ್ಲಿ ಒಂದೇ ಮಾತು: “ಆ ಮೂಸಾ ನನ್ನ ವಿಠಲನನ್ನು ಕರೆದು ಕೊಂದ.” ಊರಿನದ್ದೂ ಅದೇ ಮಾತು. ಮೂಸಾ ಹೋಟೆಲಿಗೆ ಬಂದರೆ ಬೆಂಚಿನಲ್ಲಿದ್ದವರು ಎದ್ದು ಹೋಗುತ್ತಾರೆ.

ನಡೆದದ್ದು ಇಷ್ಟು. ಮಧ್ಯಾಹ್ನ ಮೂಸಾನ ಬೋಟಿನ ಎಂಜಿನ್ ನಿಂತಿತು. ಕಡಲು ಎದ್ದಿತ್ತು. ನೆರವಿಗೆ ಬರಬೇಕೇ ಎಂದು ದಡದ ವೈರ್‌ಲೆಸ್ಸಿನಲ್ಲಿ ವಿಠಲ ಕೇಳಿದ, “ಬರೊಡಾ?” ಉತ್ತರ ಬಂತು, “ಬರೊಡ್...” ವಿಠಲ ದೋಣಿ ನೂಕಿದ. ಸಂಜೆ ಗಾಳಿ ಇಳಿದು, ಎಂಜಿನ್ ಮತ್ತೆ ಹತ್ತಿ, ಮೂಸಾ ದಡ ಸೇರಿದ. ಮೂರನೇ ದಿನ ವಿಠಲನ ದೋಣಿ ಹೂಡೆಯ ತೀರದಲ್ಲಿ ಮಗುಚಿ ಬಿದ್ದಿತ್ತು.

“ನಾನು ಬರೊಡ್ಚಿ ಅಂದದ್ದು! ಅಲ್ಲಾಹನಾಣೆ, ಬರಬೇಡ ಅಂದದ್ದು!” ಎಂದು ಮೂಸಾ ಎದೆ ಬಡಿದುಕೊಂಡ. ಯಾರೂ ನಂಬಲಿಲ್ಲ.

ಅವನು ಹೇಳಿದ್ದು ನಿಜ. ಆ ಸೆಟ್ಟುಗಳನ್ನು ಕಟ್ಟಿದವನು ನಾನು. ಗುಂಡಿ ಒತ್ತಿದರೆ ಮಾತು, ಬಿಟ್ಟರೆ ಪವರ್ ಆಂಪ್ಲಿಫೈಯರಿನ ವಾಲ್ವಿಗೆ ನೆಗೆಟಿವ್ ವೋಲ್ಟೇಜ್ ಬಿದ್ದು ಅದರ ಬಾಯಿ ಮುಚ್ಚುತ್ತದೆ. ಮೊದಲು ಮುಚ್ಚಲು ಅರ್ಧ ಸೆಕೆಂಡು ಹಿಡಿಯುತ್ತಿತ್ತು. ವಾಲ್ವ್ ಕಾಯುತ್ತಿತ್ತು, ಬ್ಯಾಟರಿ ಸಾಯುತ್ತಿತ್ತು. ಮೇ ತಿಂಗಳಲ್ಲಿ, ತಡ ಮಾಡುತ್ತಿದ್ದ ದಪ್ಪ ಕಂಡೆನ್ಸರ್ ಕಿತ್ತು ಟ್ರಾನ್ಸಿಸ್ಟರ್ ಹಾಕಿದೆ. ರೆಪ್ಪೆ ಬಡಿಯುವಷ್ಟರಲ್ಲಿ ಬಂದ್. ಮಣಿಪಾಲದ ಎಂಜಿನಿಯರೊಬ್ಬರು ಬೆನ್ನು ತಟ್ಟಿದರು.

ಆದರೆ ನಮ್ಮವರು ಮಾತು ಮುಗಿಯುವ ಮೊದಲೇ ಗುಂಡಿಯಿಂದ ಬೆರಳೆತ್ತುವವರು. ಆ ಅರ್ಧ ಸೆಕೆಂಡೇ ಅವರ ಮಾತಿನ ಬಾಲವನ್ನು ದಡ ಮುಟ್ಟಿಸುತ್ತಿತ್ತು. ಬರೊಡು ಎಂದರೆ ಬರಬೇಕು, ಬರೊಡ್ಚಿ ಎಂದರೆ ಬರಬಾರದು. ತುಳುವಿನ ‘ಬೇಡ’ ಇರುವುದು ಬಾಲದಲ್ಲಿ. ನಿನಗೆ ನಾನಿದನ್ನು ಕಲಿಸಬೇಕಾಗಿಲ್ಲ, ನನಗೇ ಹೇಳಿಕೊಳ್ಳುತ್ತಿದ್ದೇನೆ. ಮೊನ್ನೆ ಅದೇ ಸೆಟ್ಟಿನಲ್ಲಿ ಇಪ್ಪತ್ತು ಸಲ ಬೆರಳೆತ್ತಿ ಹೇಳಿ ನೋಡಿದೆ. ‘ಚಿ’ ಒಮ್ಮೆಯೂ ಬರಲಿಲ್ಲ.

ಆ ಮರುಭೂಮಿಯಲ್ಲಿ ದೇವರು ನಿನ್ನ ತಲೆ ಕಾಯಲಿ. ವಿಠಲನಿಗಾಗಿ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದ್ದೇನೆ.

ನಿನ್ನ
ಜೋಕಿಮ್

ಮರೆತ ಮಾತು: ಮರೆತದ್ದಲ್ಲ. ಅಂದು ವಿಠಲನ ಪಕ್ಕದಲ್ಲಿ ನಾನಿದ್ದೆ. ಅವನು ಮೈಕ್ ಎತ್ತಿಕೊಂಡು, “ಸರಿ ಕೇಳ್ಲಿಲ್ಲ ಜೋಕಿಮಣ್ಣ, ಇನ್ನೊಮ್ಮೆ ಕೇಳುವುದಾ?” ಎಂದ. “ಎಂತ ಕೇಳುವುದು ಮಾರಾಯ, ನನ್ನ ಸೆಟ್ಟಿನಲ್ಲಿ ಎರಡು ಸಲ ಕೇಳ್ಲಿಕ್ಕೆ ಉಂಟಾ? ಹೋಗು” ಎಂದೆ. ನಗುತ್ತಾ ಹೇಳಿದೆ.

ಅಮ್ಮನಿಗೆ ನಿನ್ನ ಪತ್ರಗಳನ್ನು ಓದಿ ಹೇಳುವವನು ನಾನೇ. ಈ ಸಲದ ಉತ್ತರ ನನ್ನ ಕೈಗೆ ಕಳಿಸಬೇಡ, ನಾನು ‘ಹೋಗು’ ಎಂದದ್ದರ ಸಾಲು ಬಿಟ್ಟು ಓದಿಯೇನು. ಮೂಸಾನ ಮಗಳು ಮೆಹರುನ್ನಿಸಾಗೆ ಓದಲು ಬರುತ್ತದೆ. ಅವಳ ಹೆಸರಿಗೆ ಬರೆ.