ನಂಬಿಕಸ್ಥರ ವಿಳಾಸ

ಮಂಗಳವಾರ, ೧೪

ಪಾಸ್‌ವರ್ಡ್‌ಗಳ ಕೆಲಸ ಇವತ್ತು ಮುಗಿಸಲೇಬೇಕಿತ್ತು. ಕಳೆದ ವಾರ ನನ್ನ ಇಮೇಲ್‌ಗೆ ಯಾರೋ ಕನ್ನ ಹಾಕಿದಾಗಿನಿಂದ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವರು ಬೆನ್ನು ಬಿದ್ದಿದ್ದಾರೆ. "ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಅಂದ್ರೆ ಕಳ್ಳನ್ನ ಕರೆದು ಕೀ ಕೊಟ್ಟ ಹಾಗೆ ಮೇಡಂ. ಬೇರೆ ಬೇರೆ ಇಡಿ, ಎಲ್ಲಾನೂ ನೆನಪಿಟ್ಟುಕೊಳ್ಳೋಕೆ ಒಂದು ಪಾಸ್‌ವರ್ಡ್ ಮ್ಯಾನೇಜರ್ ಹಾಕ್ಕೊಳ್ಳಿ."

ಮೂರನ್ನು ನೋಡಿದೆ. ಮೊದಲನೆಯದು ಪುಕ್ಕಟೆ, ಆದರೆ ಫೋನಿನಲ್ಲಿ ನಡೆಯುವುದಿಲ್ಲ. ಎರಡನೆಯದರ ಬೀಗ ಭದ್ರ. ಮುಖ್ಯ ಪಾಸ್‌ವರ್ಡ್ ಮರೆತರೆ ಮಾತ್ರ ದೇವರೇ ಗತಿ. ಮೂರನೆಯದು ದುಬಾರಿ, ಆದರೆ ನನಗೇನಾದರೂ ಆದರೆ ತೆರೆಯಲೆಂದು ನಂಬಿಕಸ್ಥರೊಬ್ಬರ ವಿಳಾಸ ಕೊಟ್ಟಿಡಬಹುದು. ಅದನ್ನೇ ಕೊಂಡೆ.

ವಿಳಾಸ ಕೇಳಿತು. ಬೆರಳು ತಾನಾಗಿ ಇವರ ಇಮೇಲ್ ಒತ್ತಿತು. ವಿಚ್ಛೇದನವಾದ ಮೇಲೂ 'ಇವರು' ಎಂದೇ ಬರೆಯುತ್ತೇನೆ, ಕೈಗೆ ಇನ್ನೂ ಬುದ್ಧಿ ಬಂದಿಲ್ಲ. ಒಪ್ಪಿಗೆ ಕೇಳಿ ಮೇಲ್ ಹೋಗಿಯೇಬಿಟ್ಟಿತು.

ಸ್ವಲ್ಪ ಹೊತ್ತಿಗೆ ಇವರ ಫೋನ್ ಬಂತು.

"ಏನಾಯ್ತು? ಹುಷಾರಾಗಿದೀಯ ತಾನೇ?"

"ಏನಿಲ್ಲ. ಕೈತಪ್ಪಿ ಬಂದಿದೆ, ಬಿಡಿ."

"ನಿಮ್ಮಕ್ಕನ್ನ ಹಾಕ್ಕೋ. ಹತ್ರದಲ್ಲೇ ಇದಾರಲ್ಲ."

ಎಷ್ಟು ಮೆತ್ತಗೆ ಹೇಳಿದರು. ಆ ದನಿ ಕೇಳಿ ಎಷ್ಟು ಕಾಲವಾಗಿತ್ತು. ನನ್ನ ಬಗ್ಗೆ ಇನ್ನೂ ಒಂದಿಷ್ಟು ದಿಗಿಲಿದೆ ಎಂದುಕೊಂಡು, ಹುಚ್ಚಿ ನಾನು, ಕಣ್ಣೊರೆಸಿಕೊಂಡು ಮತ್ತೆ ಕಂಪ್ಯೂಟರಿನ ಮುಂದೆ ಕೂತೆ.

ಇವರ ಹೆಸರಿನ ಪಕ್ಕದಲ್ಲಿ 'ನಿರಾಕರಿಸಿದ್ದಾರೆ' ಎಂದಿತ್ತು. ಕೆಳಗೆ ಅದರ ಸಮಯವೂ ಇತ್ತು. ಫೋನ್ ಬರುವುದಕ್ಕಿಂತ ಮೊದಲಿನ ಸಮಯ. ಬೇಡ ಎಂದು ಒತ್ತಿ ಮುಗಿಸಿ, ಆಮೇಲೆ ಹುಷಾರಾಗಿದೀಯ ಎಂದು ಕೇಳಿದ್ದಾರೆ.

ನಾಳೆ ಅಕ್ಕನ ವಿಳಾಸ ಹಾಕುತ್ತೇನೆ. ಅವಳಾದರೆ ಮೊದಲು ಫೋನ್ ಮಾಡುತ್ತಾಳೆ, ಆಮೇಲೆ ಒತ್ತುತ್ತಾಳೆ.