ಮೂರು ಸಲ ಕೈಬೀಸಿದ್ದು

ಬೆಟಗೇರಿ, ಮೇಲೋಣಿ
ಆಷಾಢದ ಮೂವತ್ತೊಂಬತ್ತನೆಯ ದಿನ, ಕ್ರಿ.ಶ. ೨೩೧೭

ಹಿಂದಿನ ಕಾಲದ ಹಿರಿಯರಿಗೆ ನಮಸ್ಕಾರಗಳು.

ಆಷಾಢಕ್ಕೆ ಅಷ್ಟು ದಿನ ಎಲ್ಲಿಂದ ಬಂದವು ಎಂದು ಹುಬ್ಬೇರಿಸಬೇಡಿ, ನಮ್ಮ ಪಂಚಾಂಗ ಹಾಗಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಬ್ರೌಸರ್ ಎನ್ನುತ್ತಿದ್ದುದನ್ನು ನಾವು ಕಾಣ್ಗಿಟಕಿ ಎನ್ನುತ್ತೇವೆ. ಅದೀಗ ಮೇಜಿನ ಮೇಲಿಲ್ಲ, ತೆಳ್ಳಗಿನ ಪೊರೆಯಾಗಿ ಕಣ್ಣಿಗೂ ಕಿವಿಗೂ ಅಂಟಿಕೊಂಡಿದೆ. ಅದಕ್ಕೆ ನೀವು ಸಿಕ್ಕಿಸುತ್ತಿದ್ದ ಎಕ್ಸ್‌ಟೆನ್ಷನ್‌ಗಳಿಗೆ ನಮ್ಮಲ್ಲಿ ಬಾಲಂಗೋಚಿ ಎಂದು ಹೆಸರು. ಹೊಸದು ಬಂತೆಂದರೆ ಹಾಕಿ ನೋಡುವ ಚಪಲ ಮಾತ್ರ ನಿಮ್ಮಿಂದಲೇ ಬಂದದ್ದು, ಅಲ್ಲಗಳೆಯಬೇಡಿ.

ಒಂದು ಬಾಲಂಗೋಚಿ ಹಾಕಿದರೆ ನೆರೆಮನೆಯ ಜಗಳ ಸಂಗೀತವಾಗಿ ಕೇಳುತ್ತದೆ. ಇನ್ನೊಂದು ಹಾಕಿದರೆ ಸಂತೆಯ ಬದನೆಕಾಯಿಯೊಳಗಿನ ಹುಳ ದೂರದಿಂದಲೇ ಕಾಣುತ್ತದೆ. ಕೆಲವು ಬರೀ ತಲೆನೋವು ತರುತ್ತವೆ. ಅದಕ್ಕೇ ಓಣಿಗೊಬ್ಬರು ರುಚಿಗಾರರಿರುತ್ತಾರೆ. ಹೊಸದನ್ನು ಮೊದಲು ಅವರು ಒಂದು ವಾರ ಹಾಕಿಕೊಂಡು, ಚಾವಡಿಯಲ್ಲಿ ನಿಂತು ಚೆನ್ನಾಗಿದೆ ಎಂದರೆ ಓಣಿಯವರೆಲ್ಲ ಕಣ್ಣು ಮುಚ್ಚಿ ಹಾಕಿಕೊಳ್ಳುತ್ತಾರೆ. ನಮ್ಮ ಓಣಿಯ ರುಚಿಗಾರ್ತಿ ನನ್ನ ಸೋದರತ್ತೆ ನೀಲಗಂಗವ್ವ.

ಈಚೆಗೆ 'ನಿರಾಳ' ಎಂಬುದು ಬಂತು. ಜಾಹೀರಾತುಗಳ ಕಾಟ ತಪ್ಪಿಸಲು ಮಾಡಿದ್ದು. ನಾವು ಮೂರು ಸಲ ಬೇಡವೆಂದು ಕೈಬೀಸಿದ್ದನ್ನು ಅದು ಮತ್ತೆ ಕಣ್ಣಿಗೂ ಕಿವಿಗೂ ಬೀಳದಂತೆ ಮರೆಮಾಡುತ್ತದೆ. ಅತ್ತೆ ಹಾಕಿ ನೋಡಿ, "ಏನೂ ತ್ರಾಸಿಲ್ಲ, ಎಲ್ಲಾ ಇದ್ದಂಗ ಐತಿ" ಎಂದಳು. ನಾವೂ ಹಾಕಿಕೊಂಡೆವು.

ಕೆಲವೇ ದಿನಗಳಲ್ಲಿ ಅತ್ತೆ ಮನೆಯಲ್ಲಿ ಕಾಣುವುದು ನಿಂತಿತು. ಎಲ್ಲೋ ಇರುತ್ತಾಳೆ ಎಂದುಕೊಂಡೆವು. ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ, ಎಣ್ಣೆಗಾಯಿ ತಟ್ಟೆಗೆ ಬರುತ್ತಿದ್ದವು, ಹೀಗಾಗಿ ಯಾರೂ ಕೇಳಲೂ ಇಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅವಳಿಗೂ ಹೊಸದೇನೂ ಅನಿಸಿರಲಿಕ್ಕಿಲ್ಲ. ಮೊದಲಾದರೂ ಅವಳು ಕರೆದರೆ ನಾವು ಎಲ್ಲಿ ಓಗೊಡುತ್ತಿದ್ದೆವು?

ಒಂದು ಮಧ್ಯಾಹ್ನ ಮುಂಡರಗಿಯ ಬೀಗರೊಬ್ಬರು ಬಂದವರೇ, "ಅಲ್ರೀ, ಅಕ್ಕಾರು ಹಿತ್ತಲದಾಗ ಬಿದ್ದು ಒದರಾಕತ್ತಾರ, ನೀವು ಕುಂತು ಉಣ್ಣಾಕತ್ತೀರೇನು?" ಎಂದು ಕೂಗಿದರು. ಅವರ ಕಾಣ್ಗಿಟಕಿಯಲ್ಲಿ ನಿರಾಳ ಇರಲಿಲ್ಲ. ಎಲ್ಲರೂ ಓಡಿದೆವು. ನಮಗೆ ಕಂಡದ್ದು ಖಾಲಿ ಹಿತ್ತಲು. ಬೀಗರು ತೋರಿಸಿದ ಕಡೆ ತಡವಿದಾಗ ನನ್ನ ಕೈಗೆ ಅತ್ತೆಯ ಒದ್ದೆ ಸೆರಗು ಸಿಕ್ಕಿತು.

ನಿರಾಳವನ್ನು ಅಲ್ಲೇ ಕಿತ್ತೆವು. ಹೋಗುವ ಮುಂಚೆ ತಾನು ಮರೆಮಾಡಿದ್ದನ್ನೆಲ್ಲ ಗಟ್ಟಿಯಾಗಿ ಹೇಳಿಹೋಗುವುದು ಬಾಲಂಗೋಚಿಗಳ ಪದ್ಧತಿ. ಅಪ್ಪನದು, ತಮ್ಮನದು, ನನ್ನದು, ಮೂರೂ ಅತ್ತೆಯ ಎದುರೇ ಬಾಯಿಬಿಟ್ಟವು. ಅವಳು ಊಟಕ್ಕೆ ಕರೆದದ್ದು, ಮೊಣಕಾಲು ನೋವೆಂದದ್ದು, ಸ್ವಲ್ಪ ಕೂತು ಮಾತಾಡು ಎಂದದ್ದು. ನಾವು ಮೂರು ಸಲ ಬೇಡವೆಂದು ಅವಳತ್ತ ಕೈಬೀಸಿದ್ದಕ್ಕೆ ಅದು ಅವಳನ್ನೂ ಜಾಹೀರಾತೆಂದೇ ತಿಳಿದಿತ್ತು. ಆಮೇಲೆ ಅವಳದ್ದನ್ನೂ ತೆಗೆದೆವು. ಅದಕ್ಕೆ ಹೇಳಲು ಏನೂ ಇರಲಿಲ್ಲ. ಅತ್ತೆ ಒಂದು ಜಾಹೀರಾತಿಗೂ ಕೈಬೀಸಿದವಳಲ್ಲ. ಪಾಪ, ಯಾರೋ ಅಷ್ಟು ಕರೆಯುತ್ತಿದ್ದಾರೆಂದು ಎಲ್ಲವನ್ನೂ ಕೊನೆಯವರೆಗೆ ಕೇಳುತ್ತಾಳೆ. ಅಂಥವಳಿಂದ ಪರೀಕ್ಷೆ ಮಾಡಿಸಿ ನಾವು ನಂಬಿದ್ದೆವು.

ನಿನ್ನೆ ಚಾವಡಿ ಸೇರಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು ನಮ್ಮ ಓಣಿಯವರ ಮಾತು. ರುಚಿಗಾರ್ತಿ ಸರಿಯಾಗಿ ನೋಡಲಿಲ್ಲ, ಬೇರೆಯವರನ್ನು ನೇಮಿಸಿ ಎಂದರು. ನಾನು ಕಂಬದ ಮರೆಗೆ ಸರಿದೆ. ಅತ್ತೆ ಕೋಲೂರಿ ಎದ್ದು ಕೈಮುಗಿದಳು. "ತಪ್ಪು ನಂದ ಐತ್ರೆಪಾ. ನಾ ಇನ್ನೂ ಛಲೋತ್ನಾಗಿ ನೋಡಬೇಕಿತ್ತು. ನಿಮಗೆಲ್ಲಾ ತ್ರಾಸ ಆತು" ಎಂದಳು.

ಹಿರಿಯರೇ, ಹೊಸದನ್ನು ಹಾಕಿ ನೋಡಿ, ಬೇಡವೆನ್ನಲು ನನಗೆ ಯಾವ ಮುಖವಿದೆ? ಆದರೆ ಅದು ಏನನ್ನು ಮರೆಮಾಡುತ್ತಿದೆಯೆಂದು ಆಗಾಗ ತೆಗೆದು ನೋಡಿ. ಈಗ ನನ್ನ ಕಣ್ಣಿನ ಮೇಲೆ ಯಾವ ಪೊರೆಯೂ ಇಲ್ಲ. ಅತ್ತೆ ಎದುರಿಗೇ ಕೂತಿದ್ದಾಳೆ. ಅವಳ ಮುಖ ನೋಡಲು ನನ್ನಿಂದ ಆಗುತ್ತಿಲ್ಲ.

ಚಂಪಾವತಿ