ನನ್ನ ಅಳತೆಗೆ ಹೊಲಿದ ಅರ್ಹತೆ

ಸೋಮವಾರ, ಕಚೇರಿಯಲ್ಲಿ, ಊಟದ ಬಿಡುವು

ಮುದ್ದು ಗುಬ್ಬಿ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಹೋದ ವಾರವಷ್ಟೇ ನೋಡಿದ್ದೇನೆ, ಚೆನ್ನಾಗಿಯೇ ಇದ್ದೆ. ಫೋನ್ ಮಾಡಿದರೆ ನೀನು ನಗುತ್ತೀಯ, ನಾನು ಕರಗುತ್ತೇನೆ, ಕೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಈ ಪತ್ರ.

ನಮ್ಮ ಪರವಾನಗಿ ವಿಭಾಗದ ಮೇಲ್ವಿಚಾರಕರ ಹುದ್ದೆಗೆ ಪ್ರಕಟಣೆ ಬಂದಿದೆ. ಇಲಾಖೆಯೊಳಗಿನವರು ಮಾತ್ರ ಅರ್ಜಿ ಹಾಕಬಹುದು. ತೈಲ, ಅನಿಲದ ಬಾವಿಯನ್ನು ಎಲ್ಲಿ ಕೊರೆಯಬಹುದು, ಎಲ್ಲಿ ಕೂಡದು ಎಂಬುದಕ್ಕೆ ಕೊನೆಯ ಸಹಿ ಆ ಕುರ್ಚಿಯದು. ನಿನಗಿದನ್ನು ಹೇಳಿಕೊಡಬೇಕೆ? ಬಾವಿ ಕೊರೆಯುವ ಕಂಪನಿಯಲ್ಲಿ ಕೂತು ನಮಗೆ ಅರ್ಜಿ ಬರೆಯುವುದೇ ನಿನ್ನ ಕೆಲಸ.

ಪ್ರಕಟಣೆಯನ್ನು ಗೋಡೆಗೆ ಅಂಟಿಸಿದ ಬೆಳಿಗ್ಗೆ ಎಲ್ಲರೂ ಮುಗಿಬಿದ್ದು ಓದಿದೆವು. ಭೂವಿಜ್ಞಾನದ ಪದವಿ, ಸರಿ. ಅರ್ಜಿಗಳನ್ನು ಪರಿಶೀಲಿಸಿದ ಅನುಭವ, ಅದೂ ಸರಿ. ಹಿಂದೆಲ್ಲ ಇಷ್ಟಕ್ಕೇ ಮುಗಿಯುತ್ತಿತ್ತು. ಈ ಸಲ ಇನ್ನೊಂದು ಸಾಲು ಸೇರಿದೆ: ಕೊರೆಯುವ ಯಂತ್ರದ ಬಳಿ ನಿಂತು, ಕೆಸರಿನೊಂದಿಗೆ ಮೇಲೆ ಬರುವ ಕಲ್ಲಿನ ಚೂರುಗಳನ್ನು ಪರೀಕ್ಷಿಸಿದ ಅನುಭವ ಕಡ್ಡಾಯ. ಎಲ್ಲರೂ ಮುಖ ಮುಖ ನೋಡಿಕೊಂಡರು. ನಮ್ಮಲ್ಲಿ ಅಂಥವರು ಒಬ್ಬರೂ ಇಲ್ಲವೆಂದೇ ಅವರೆಲ್ಲ ತಿಳಿದಿದ್ದಾರೆ.

ಆದರೆ ನಾನಿದ್ದೇನೆ. ಓದು ಮುಗಿದ ವರ್ಷ, ಅಪ್ಪ ಬಿಡುವುದಿಲ್ಲವೆಂದು ನಾನು ಗುಟ್ಟಾಗಿ ಆ ಕೆಲಸಕ್ಕೆ ಹೋಗಿದ್ದೆನಲ್ಲ. "ಅಕ್ಕ ಹಾಸ್ಟೆಲಲ್ಲೇ ಇದ್ದು ಕೆಲಸದ ಪರೀಕ್ಷೆಗೆ ಓದ್ತಿದಾಳೆ" ಎಂದು ಕಣ್ಣು ಮಿಟುಕಿಸದೆ ಅಪ್ಪನಿಗೆ ಹೇಳುತ್ತಿದ್ದವಳು ನೀನು. ಉಗುರಿನ ಸಂದಿಯಲ್ಲೆಲ್ಲ ಕೆಸರು, ಕಿವಿ ತುಂಬ ಯಂತ್ರದ ಸದ್ದು, ಸೂಕ್ಷ್ಮದರ್ಶಕದ ಕೆಳಗೆ ಅಲ್ಲಿಯವರೆಗೆ ಯಾರೂ ಕಾಣದ ಕಲ್ಲು. ನನ್ನ ಜೀವನದಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ. ಆದರೆ ಈ ಕಚೇರಿಯಲ್ಲಿ ಆ ವಿಷಯವನ್ನು ನಾನು ಯಾರಿಗೂ ಹೇಳಿಲ್ಲ. ಹಾಗಾದರೆ ನನ್ನ ಅಳತೆ ಕೊಟ್ಟವರು ಯಾರು, ಗುಬ್ಬಿ?

ತಂಗಿಯ ಮೇಲೆಯೇ ಅನುಮಾನವೇ ಎಂದು ನನ್ನನ್ನು ನಾನೇ ಗದರಿಸಿಕೊಂಡೆ. ಆಮೇಲೆ ನಿನ್ನ ಭೇಟಿ ನೆನಪಾಯಿತು. ಅಪರೂಪಕ್ಕೆ ಬಂದೆ. ಬರುವಾಗ ದುಬಾರಿ ಪೆನ್ನು ತಂದೆ. "ಮುಂದೆ ಸಹಿ ಮಾಡೋಕೆ ಬೇಕಾಗುತ್ತೆ, ಇಟ್ಕೋ" ಎಂದೆ. ನಾನು ಪೆದ್ದಿಯ ಹಾಗೆ ನಕ್ಕುಬಿಟ್ಟೆ. ಪ್ರಕಟಣೆ ಬಂದದ್ದು ಅದರ ಮರುದಿನ.

ನನಗೆ ಕೆಲಸ ಕಲಿಸಿದ ಹಿರಿಯ ಪರಿಶೀಲಕರಿಗೇ ಈ ಹುದ್ದೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಆ ಒಂದು ಸಾಲು ಅವರನ್ನು ಹೊರಗೆ ಹಾಕಿತು. ಶಾಲೆಯ ಬೇಲಿಗೆ ತಾಗಿದ ಜಾಗದಲ್ಲಿ ಬಾವಿ ಬೇಕೆಂದು ನಿಮ್ಮ ಕಂಪನಿ ಹಾಕಿದ ಅರ್ಜಿಯನ್ನು ತಿರಸ್ಕರಿಸಬೇಕೆಂದು ಮತ್ತೆ ಮತ್ತೆ ವರದಿ ಬರೆದವರೂ ಅವರೇ. ಪ್ರತಿ ಸಲವೂ ಅಲ್ಲಿಗೆ ಹೋಗಿ, ಗಾಳಿ ಎತ್ತ ಬೀಸುತ್ತದೆಂದು ನೋಡಲು ಕರವಸ್ತ್ರ ಬಿಚ್ಚಿ ಹಿಡಿದು ನಿಲ್ಲುತ್ತಾರೆ. ಪ್ರತಿ ಸಲವೂ ಅದು ತರಗತಿಗಳ ಕಡೆಗೇ ಹಾರುತ್ತದೆ. ನಿಮ್ಮ ಕಂಪನಿಯಲ್ಲಿ ಅವರಿಗೆ "ಕರವಸ್ತ್ರ" ಎಂದೇ ಹೆಸರಿಟ್ಟಿದ್ದಾರೆಂದು ನೀನೇ ಹೇಳಿ ನಕ್ಕಿದ್ದೆ.

ಮೊನ್ನೆ ಅವರು ನನ್ನ ಮೇಜಿನ ಹತ್ತಿರ ಬಂದು, "ಯಾರದೋ ಅಳತೆ ತಗೊಂಡು ಹೊಲಿಸಿದ ಹಾಗಿದೆಯಲ್ಲಮ್ಮ, ಯಾರಿಗಂತ ಗೊತ್ತಾ?" ಎಂದರು. ನಾನು ಕಡತದಿಂದ ತಲೆ ಎತ್ತಲಿಲ್ಲ. ಅಂದಿನಿಂದ ನಮ್ಮ ಮಾತು ಬರೀ ಕೆಲಸದ್ದು.

ಆ ಕುರ್ಚಿ ಬೇಡವೆಂದು ಬೂಟಾಟಿಕೆ ಮಾಡಲಾರೆ. ಬೇಕು, ತುಂಬ ಬೇಕು. ಆದರೆ ನಿಮ್ಮವರಿಗೆ ಬೇಕಾಗಿರುವುದು ನಾನಲ್ಲ. ನಮ್ಮ ಹಿರಿಯರು ಆ ಕುರ್ಚಿಗೆ ಬರಬಾರದು, ಅಷ್ಟೇ. ಅಕ್ಕ ಕೂತರೆ ತಂಗಿಯ ಮುಖ ನೋಡಿ ಮೆತ್ತಗಾಗುತ್ತಾಳೆ ಎಂಬ ಲೆಕ್ಕಾಚಾರ. ಅದು ನಿನ್ನದೋ, ನಿನ್ನ ಬಾಯಿ ಬಿಡಿಸಿದ ಇನ್ಯಾರದೋ? "ನಮ್ಮಕ್ಕ ಬಾವಿ ಹತ್ರ ಕೆಲಸ ಮಾಡಿದೋಳು" ಎಂದು ಹೆಮ್ಮೆಯಿಂದ ಎಲ್ಲೋ ಬಾಯಿ ತಪ್ಪಿ ಅಂದಿರುತ್ತೀಯ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಪೆನ್ನು ಬಾಯಿ ತಪ್ಪಿ ಬರುವುದಿಲ್ಲವಲ್ಲ.

ನಿನ್ನನ್ನು ಹೀಗೆ ಅನುಮಾನಿಸುವುದೇ ನನಗೆ ದೊಡ್ಡ ಸಂಕಟ. ನಿಜ ಬರೆ, ಎಂಥದ್ದಾದರೂ ಸರಿ. ಪೆನ್ನನ್ನು ಇದರ ಜೊತೆಗೆ ವಾಪಸ್ ಕಳಿಸುತ್ತಿದ್ದೇನೆ, ಅದರಿಂದ ಒಂದಕ್ಷರವನ್ನೂ ಬರೆದಿಲ್ಲ.

ಮುನಿಸಿಕೊಂಡೂ ನಿನ್ನನ್ನು ಬಿಡಲಾಗದ,
ಅಕ್ಕ

ಮೇಲೆ ಬರೆಯದೆ ಉಳಿಸಿಕೊಂಡದ್ದು: ಇವತ್ತು ಬೆಳಿಗ್ಗೆ ನಿರ್ದೇಶಕರು ಒಳಗೆ ಕರೆದು, "ನೀವು ಬಾವಿ ಹತ್ರ ಕೆಲಸ ಮಾಡಿದೀರಂತೆ?" ಎಂದು ನಗುನಗುತ್ತಾ ಕೇಳಿದರು. ಇಲ್ಲವಲ್ಲ, ಓದು ಮುಗಿದ ವರ್ಷವೂ ಹಾಸ್ಟೆಲಿನಲ್ಲೇ ಪರೀಕ್ಷೆಗೆ ಓದುತ್ತಿದ್ದೆ ಎಂದೆ. ಅವರ ನಗು ಅಲ್ಲೇ ನಿಂತಿತು. ಅರ್ಹರು ಯಾರೂ ಸಿಗದಿದ್ದರೆ ಹಳೆಯ ಅರ್ಹತೆಗಳ ಮೇಲೆಯೇ ಮತ್ತೆ ಪ್ರಕಟಿಸಬೇಕೆಂಬುದು ನಿಯಮ. ಆಗ ನಮ್ಮ ಹಿರಿಯರು ಅರ್ಜಿ ಹಾಕಬಹುದು. ನಿನ್ನನ್ನೂ ಕೇಳುತ್ತಾರೆ, ಗುಬ್ಬಿ. ಅಪ್ಪನಿಗೆ ಹೇಳುತ್ತಿದ್ದೆಯಲ್ಲ, ಅದನ್ನೇ ಹೇಳು. ಕಣ್ಣು ಮಿಟುಕಿಸಬೇಡ.